ಕೋರಿಯೊಕಾರ್ಸಿನೋಮ ಮತ್ತು ಅದರ ಚಿಕಿತ್ಸೆ

ಬಸಿರಿನ ಮಾಸಿನಿಂದ ಹುಟ್ಟಿ ಬಲು ಬೇಗ ಹರಡುವ ಅಪರೂಪದ ಕ್ಯಾನ್ಸರ್‌ಗೆ ಕೋರಿಯೊಕಾರ್ಸಿನೋಮ ಎಂದು ಹೆಸರು. ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ ಇದು ಸುಮಾರು 40,000ದಿಂದ 50,000 ಬಸಿರುಗಳಿಗೆ ಒಂದರಂತೆ ಕಾಣಿಸಿಕೊಳ್ಳುತ್ತದೆ. ಆಗ್ನೇಯ ಏಷ್ಯದಲ್ಲಿ ಅದಕ್ಕಿಂತ ಹೆಚ್ಚು. 1950ರ ದಶಕದ ನಡುಗಾಲದವರೆಗೆ, ಗರ್ಭಕೋಶವನ್ನು ದಾಟಿ ಹರಡಿದ ಈ ರೋಗದಿಂದ ಬದುಕಿ ಉಳಿದವರು ತೀರ ವಿರಳ. ಇಂದು ನುರಿತ ಕೇಂದ್ರಗಳಲ್ಲಿ ಅದೇ ಸ್ಥಿತಿಯ ಹತ್ತು ಮಂದಿಯಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ವಾಸಿಯಾಗುತ್ತಾರೆ. ಅವರಲ್ಲಿ ಬಹುಪಾಲು ಹೆಂಗಸರ ಗರ್ಭಕೋಶವೂ ಉಳಿಯುತ್ತದೆ. ಹರಡಿದ ಗಡ್ಡೆಯ ಕ್ಯಾನ್ಸರೊಂದು ಶಸ್ತ್ರಕ್ರಿಯೆಯ ನೆರವಿಲ್ಲದೆ ಔಷಧದಿಂದಲೇ ಪೂರ್ತಿ ವಾಸಿಯಾದದ್ದು ವೈದ್ಯಕೀಯದ ಇತಿಹಾಸದಲ್ಲಿ ಇದೇ ಮೊದಲು.

ಹುಟ್ಟು

ಗರ್ಭ ಕಟ್ಟಿದ ಕೆಲವೇ ದಿನಗಳಲ್ಲಿ ಭ್ರೂಣದ ಹೊರಪದರದ ಟ್ರೋಫೊಬ್ಲಾಸ್ಟ್ ಎಂಬ ಜೀವಕೋಶಗಳು ಗರ್ಭಕೋಶದ ಒಳಗೋಡೆಯನ್ನು ಕೊರೆದು ಒಳಹೊಗುತ್ತವೆ, ತಾಯಿಯ ರಕ್ತನಾಳಗಳನ್ನು ತೆರೆದುಕೊಳ್ಳುತ್ತವೆ, ಮುಂದೆ ಮಾಸಾಗಿ ರೂಪುಗೊಳ್ಳುತ್ತವೆ. ಕೊರೆಯುವುದು, ರಕ್ತನಾಳಕ್ಕೆ ನುಗ್ಗುವುದು, ತಾಯಿಯ ರೋಗನಿರೋಧಕ ಶಕ್ತಿಯ ಕಣ್ಣು ತಪ್ಪಿಸುವುದು ಇವು ಕ್ಯಾನ್ಸರ್‌ನ ಲಕ್ಷಣಗಳೇ. ಆದರೆ ಮಾಸಿನ ಮಟ್ಟಿಗೆ ಸಹಜ ಕಸುಬು. ಸಹಜ ಬಸಿರಿನಲ್ಲಿ ಈ ಬೆಳವಣಿಗೆ ಒಂದು ಹಂತಕ್ಕೆ ಬಂದು ನಿಲ್ಲುತ್ತದೆ. ಹಾಗೆ ನಿಲ್ಲದೆ ಹೋದಾಗ ಹುಟ್ಟುವ ಗಡ್ಡೆಗಳಿಗೆಲ್ಲ ಒಟ್ಟಾಗಿ ಗರ್ಭಸಂಬಂಧಿ ಟ್ರೋಫೊಬ್ಲಾಸ್ಟ್ ಗಡ್ಡೆಗಳು ಎನ್ನುತ್ತಾರೆ. ಅವುಗಳಲ್ಲಿ ಅತಿ ಉಗ್ರವಾದದ್ದು ಕೋರಿಯೊಕಾರ್ಸಿನೋಮ.

ಸುಮಾರು ಅರ್ಧದಷ್ಟು ಪ್ರಕರಣಗಳಿಗೆ ಹಿನ್ನೆಲೆಯಾಗಿರುವುದು ಮೋಲಾರ್ ಗರ್ಭ. ಇದರಲ್ಲಿ ಮಗುವಿನ ಬದಲು ದ್ರಾಕ್ಷಿ ಗೊಂಚಲಿನಂಥ ನೀರುಗುಳ್ಳೆಗಳು ಗರ್ಭಕೋಶವನ್ನು ತುಂಬಿಕೊಳ್ಳುತ್ತವೆ. ಪೂರ್ಣ ಮೋಲಾರ್ ಗರ್ಭದಲ್ಲಿ ವರ್ಣತಂತುಗಳ ಸಂಖ್ಯೆ 46 ಆಗಿದ್ದರೂ ಅವೆಲ್ಲವೂ ತಂದೆಯವೇ: ತಾಯಿಯ ವರ್ಣತಂತುಗಳನ್ನು ಕಳೆದುಕೊಂಡ ಅಂಡಾಣುವಿನೊಳಗೆ ಒಂದು ವೀರ್ಯಾಣು ಇಮ್ಮಡಿಗೊಂಡಿರುತ್ತದೆ, ಇಲ್ಲವೇ ಎರಡು ವೀರ್ಯಾಣುಗಳು ಸೇರಿರುತ್ತವೆ. ಇದನ್ನು ಜಪಾನಿನ ಕಾಜಿಯಿ ಮತ್ತು ಓಹಾಮ 1977ರಲ್ಲಿ ತೋರಿಸಿಕೊಟ್ಟರು. ಅಪೂರ್ಣ ಮೋಲಾರ್ ಗರ್ಭದಲ್ಲಿ ತಾಯಿಯದೊಂದು ಕಂತು, ತಂದೆಯ ಎರಡು ಕಂತು ಸೇರಿ 69 ವರ್ಣತಂತುಗಳಿರುತ್ತವೆ. ಪೂರ್ಣ ಮೋಲಾರ್ ಗರ್ಭವನ್ನು ತೆಗೆದ ಬಳಿಕ ನೂರರಲ್ಲಿ 15ರಿಂದ 20 ಮಂದಿಗೆ ಕಿಮೊಥೆರಪಿ ಬೇಕಾಗುತ್ತದೆ. ಅಪೂರ್ಣದಲ್ಲಿ ಈ ಪ್ರಮಾಣ 5ಕ್ಕಿಂತ ಕಡಿಮೆ.

ಉಳಿದ ಪ್ರಕರಣಗಳು ಅಬಾರ್ಷನ್, ಗರ್ಭನಾಳದ ಬಸಿರು ಅಥವಾ ತುಂಬುದಿನದ ಸಹಜ ಹೆರಿಗೆಯ ನಂತರ ಬರುತ್ತವೆ. ಕೆಲವೊಮ್ಮೆ ವಾರಗಳಲ್ಲಿ, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ. ಹೆರಿಗೆಯ ನಂತರ ಬರುವ ಬಗೆ ಹೆಚ್ಚು ಅಪಾಯದ್ದು. ಆರೋಗ್ಯವಂತ ಮಗು ಹುಟ್ಟಿದ ಮನೆಯಲ್ಲಿ ಯಾರಿಗೂ ಕ್ಯಾನ್ಸರ್‌ನ ಯೋಚನೆ ಬರುವುದಿಲ್ಲ, ಹಾಗಾಗಿ ರೋಗಪತ್ತೆಯೂ ತಡವಾಗುತ್ತದೆ. ಗಡ್ಡೆಯ ಜೀವಕೋಶಗಳಲ್ಲಿ ತಂದೆಯ ವರ್ಣತಂತುಗಳಿರುವುದರಿಂದ ಇದು ಹೆಂಗಸಿನ ಮೈಯಲ್ಲಿ ಬೆಳೆದರೂ ಪೂರ್ತಿ ಅವಳದ್ದಲ್ಲದ ಗಡ್ಡೆ. ಅಂಡಾಶಯದ ಜನನಕೋಶಗಳಿಂದ, ಬಸಿರಿನ ಸಂಬಂಧವೇ ಇಲ್ಲದೆ, ಇದೇ ರೂಪದ ಗಡ್ಡೆ ಹುಟ್ಟುವುದುಂಟು. ಅದರ ಚಿಕಿತ್ಸೆ ಬೇರೆ, ಫಲವೂ ಇಷ್ಟು ಒಳ್ಳೆಯದಲ್ಲ. ಅನುಮಾನವಿದ್ದಾಗ ಡಿಎನ್‌ಎ ಪರೀಕ್ಷೆಯಿಂದ ತಂದೆಯ ಗುರುತನ್ನು ಹುಡುಕಿ ಎರಡನ್ನೂ ಬೇರ್ಪಡಿಸುತ್ತಾರೆ.

ಚಿಕಿತ್ಸೆಯ ಇತಿಹಾಸ

ಜರ್ಮನಿಯ ಮ್ಯಾಕ್ಸ್ ಸ್ಯಾಂಗರ್ 1889ರಲ್ಲಿ ಈ ರೋಗವನ್ನು ವರ್ಣಿಸಿದಾಗ ಅದು ತಾಯಿಯ ಗರ್ಭಕೋಶದ ಪದರದಿಂದ ಹುಟ್ಟಿದ್ದೆಂದು ಭಾವಿಸಿದ್ದ. ಅದು ಭ್ರೂಣದ ಕಡೆಯ ಅಂಗಾಂಶವೆಂದು 1895ರಲ್ಲಿ ತೋರಿಸಿಕೊಟ್ಟವನು ಫೆಲಿಕ್ಸ್ ಮಾರ್ಷಾಂಡ್. ಮುಂದಿನ ಅರವತ್ತು ವರ್ಷ ಕಾಲ ಇದ್ದ ಚಿಕಿತ್ಸೆ ಒಂದೇ, ಗರ್ಭಕೋಶವನ್ನು ತೆಗೆಯುವುದು. ರೋಗ ಗರ್ಭಕೋಶದೊಳಗೇ ಇದ್ದಾಗಲೂ ಅರ್ಧಕ್ಕೂ ಹೆಚ್ಚು ಮಂದಿ ಉಳಿಯುತ್ತಿರಲಿಲ್ಲ.

ದಾರಿ ತೆರೆದದ್ದು ಎರಡು ಬೇರೆ ಬೇರೆ ಕಡೆಯಿಂದ ಬಂದ ತಿಳಿವಳಿಕೆ. ಒಂದು ಹಾರ್ಮೋನಿನದು. ಟ್ರೋಫೊಬ್ಲಾಸ್ಟ್ ಜೀವಕೋಶಗಳು ಎಚ್‌ಸಿಜಿ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಬಸಿರು ಪರೀಕ್ಷೆಯ ಪಟ್ಟಿಯಲ್ಲಿ ಎರಡನೆಯ ಗೆರೆ ಮೂಡಿಸುವುದು ಇದೇ. ಆಶ್‌ಹೈಮ್ ಮತ್ತು ಜೋಂಡೆಕ್ 1920ರ ದಶಕದ ಕೊನೆಯಲ್ಲಿ ಬರ್ಲಿನ್‌ನಲ್ಲಿ ಇಲಿಗಳ ಮೇಲೆ ಮೂತ್ರ ಪ್ರಯೋಗಿಸಿ ಇದನ್ನು ಪತ್ತೆಹಚ್ಚುವ ವಿಧಾನ ಕಂಡುಕೊಂಡರು. ಇನ್ನೊಂದು ಫೋಲಿಕ್ ಆಮ್ಲದ್ದು. ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯಕೀಯ ಓದಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ಮುಂದಾಳತ್ವದಲ್ಲಿ ಲೆಡರ್ಲೆ ಪ್ರಯೋಗಾಲಯದ ತಂಡ ಫೋಲಿಕ್ ಆಮ್ಲವನ್ನೂ ಅದಕ್ಕೆ ಎದುರಾಗಿ ನಿಲ್ಲುವ ಅಮಿನಾಪ್ಟೆರಿನ್, ಮೆಥೊಟ್ರೆಕ್ಸೇಟ್‌ಗಳನ್ನೂ ತಯಾರಿಸಿತು. ಜೀವಕೋಶ ಇಬ್ಭಾಗವಾಗಲು ಡಿಎನ್‌ಎ ಬೇಕು, ಡಿಎನ್‌ಎ ಕಟ್ಟಲು ಫೋಲಿಕ್ ಆಮ್ಲ ಬೇಕು. ಮೆಥೊಟ್ರೆಕ್ಸೇಟ್ ಅದನ್ನು ಬಳಕೆಗೆ ಸಿಗದಂತೆ ಮಾಡುತ್ತದೆ. ಬಾಸ್ಟನ್‌ನ ಸಿಡ್ನಿ ಫಾರ್ಬರ್ ಮಕ್ಕಳ ರಕ್ತಕ್ಯಾನ್ಸರ್‌ಗೆ ಅಮಿನಾಪ್ಟೆರಿನ್ ಕೊಟ್ಟು ತಾತ್ಕಾಲಿಕ ಗುಣ ಕಂಡದ್ದನ್ನು 1948ರಲ್ಲಿ ಪ್ರಕಟಿಸಿದರು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು.

ಇವೆರಡನ್ನೂ ಒಂದುಗೂಡಿಸಿದವರು ಚೀನಾ ಮೂಲದ ವೈದ್ಯ ಮಿನ್ ಚಿಯು ಲಿ. ನ್ಯೂಯಾರ್ಕಿನಲ್ಲಿದ್ದಾಗ, ಮೆಥೊಟ್ರೆಕ್ಸೇಟ್ ಪಡೆಯುತ್ತಿದ್ದ ಬೇರೊಂದು ಕ್ಯಾನ್ಸರ್‌ನ ರೋಗಿಯ ಮೂತ್ರದಲ್ಲಿ ಎಚ್‌ಸಿಜಿ ಇಳಿದದ್ದನ್ನು ಅವರು ಗಮನಿಸಿದ್ದರು. 1955ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಗೆ ಬಂದಾಗ ಅಲ್ಲಿದ್ದ ರಾಯ್ ಹರ್ಟ್ಜ್, ಹೆಣ್ಣುಹಾರ್ಮೋನಿನ ಪ್ರಚೋದನೆಯಿಂದ ಬೆಳೆಯುವ ಅಂಗಾಂಶಗಳಿಗೆ ಫೋಲಿಕ್ ಆಮ್ಲ ಅನಿವಾರ್ಯವೆಂದು ಕೋಳಿಮರಿಗಳ ಮೇಲಿನ ಪ್ರಯೋಗಗಳಿಂದ ಆಗಲೇ ಕಂಡುಕೊಂಡಿದ್ದರು. ಶ್ವಾಸಕೋಶಕ್ಕೆ ಹರಡಿ ರಕ್ತ ಸೋರುತ್ತಿದ್ದ ಕೋರಿಯೊಕಾರ್ಸಿನೋಮದ ರೋಗಿಗೆ ಮೆಥೊಟ್ರೆಕ್ಸೇಟ್ ಕೊಟ್ಟರು. ಎಕ್ಸ್‌ರೇಯಲ್ಲಿದ್ದ ಗಡ್ಡೆಗಳ ನೆರಳುಗಳು ಮಾಯವಾದವು. ಲಿ, ಹರ್ಟ್ಜ್ ಮತ್ತು ಸ್ಪೆನ್ಸರ್ 1956ರಲ್ಲಿ ಇದನ್ನು ವರದಿ ಮಾಡಿದರು.

ಅಲ್ಲಿಗೆ ನಿಲ್ಲದೆ ಲಿ ಇನ್ನೊಂದು ಹೆಜ್ಜೆ ಇಟ್ಟರು. ಈ ರೋಗದ ಚಿಕಿತ್ಸೆಯ ಪೂರಾ ತರ್ಕ ಅಡಗಿರುವುದು ಅಲ್ಲಿಯೇ. ಗಡ್ಡೆ ಕಾಣದಂತಾದರೂ ಎಚ್‌ಸಿಜಿ ಸ್ವಲ್ಪ ಉಳಿದಿದ್ದರೆ ರೋಗ ಉಳಿದಿದೆ ಎಂದೇ ಅರ್ಥ. ಆ ಅಂಕಿ ಪೂರ್ತಿ ಇಳಿಯುವ ತನಕ ಔಷಧ ನಿಲ್ಲಿಸಬಾರದು ಎಂದು ಅವರು ಪಟ್ಟು ಹಿಡಿದರು. ಕಣ್ಣಿಗೆ ಕಾಣುವ ರೋಗವಿಲ್ಲದವರಿಗೆ ವಿಷದಂಥ ಔಷಧ ಕೊಡುವುದು ಆಗಿನ ಹಿರಿಯರಿಗೆ ಅತಿರೇಕವಾಗಿ ಕಂಡಿತು. ಲಿ ಕೆಲಸ ಕಳೆದುಕೊಂಡರು. ಔಷಧ ಬೇಗ ನಿಲ್ಲಿಸಿದ ರೋಗಿಗಳಿಗೆ ರೋಗ ಮರುಕಳಿಸಿತು, ಲಿ ಹಟ ಹಿಡಿದು ಮುಂದುವರಿಸಿದವರಿಗೆ ಮರುಕಳಿಸಲಿಲ್ಲ ಎಂಬುದು ಆಮೇಲೆ ಸ್ಪಷ್ಟವಾಯಿತು. 1972ರಲ್ಲಿ ಲ್ಯಾಸ್ಕರ್ ಪ್ರಶಸ್ತಿ ಪಡೆದವರಲ್ಲಿ ಲಿ ಮತ್ತು ಹರ್ಟ್ಜ್ ಇಬ್ಬರೂ ಇದ್ದರು. ಕಾಣದ ರೋಗಕ್ಕೂ ಔಷಧ ಕೊಡುವ ಪದ್ಧತಿ ಇಂದು ಸ್ತನ, ಕರುಳು ಸೇರಿದಂತೆ ಹತ್ತಾರು ಕ್ಯಾನ್ಸರ್‌ಗಳಲ್ಲಿ ಸಾಮಾನ್ಯ ಸಂಗತಿ.

ಲಂಡನ್ನಿನಲ್ಲಿ ಕೆನೆತ್ ಬ್ಯಾಗ್‌ಷಾ ಚೇರಿಂಗ್ ಕ್ರಾಸ್ ಆಸ್ಪತ್ರೆಯನ್ನು ಈ ರೋಗದ ಕೇಂದ್ರವಾಗಿ ಕಟ್ಟಿದರು. ಎಚ್‌ಸಿಜಿಯನ್ನು ಕರಾರುವಾಕ್ಕಾಗಿ ಅಳೆಯುವ ವಿಧಾನ, ರೋಗಿಗೆ ಎಷ್ಟು ಅಪಾಯವಿದೆಯೆಂದು ಅಂಕಗಳಲ್ಲಿ ಎಣಿಸುವ ಪದ್ಧತಿ, ಹಲವು ಔಷಧಗಳ ಸಂಯೋಜನೆ ಮೂರಕ್ಕೂ ಆ ತಂಡದ ಕೊಡುಗೆ ದೊಡ್ಡದು. ಬೀಜಿಂಗ್‌ನಲ್ಲಿ ಸೋಂಗ್ ಹೋಂಗ್‌ಜಾವ್ ಅವರ ತಂಡ 5-ಫ್ಲೂರೊಯುರಾಸಿಲ್ ಆಧಾರದ ಬೇರೆಯದೇ ದಾರಿ ಹಿಡಿದು ಒಳ್ಳೆಯ ಫಲ ಕಂಡಿತು.

ರೋಗಪತ್ತೆ

ಬೇರೆ ಬಹುತೇಕ ಕ್ಯಾನ್ಸರ್‌ಗಳಲ್ಲಿ ಚಿಕಿತ್ಸೆಗೆ ಮುನ್ನ ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು ಕಡ್ಡಾಯ. ಇಲ್ಲಿ ಹಾಗಿಲ್ಲ. ಈ ಗಡ್ಡೆಗಳಲ್ಲಿ ರಕ್ತ ತುಂಬಿರುತ್ತದೆ. ಯೋನಿಯಲ್ಲಿ ಕಾಣುವ ನೇರಳೆ ಬಣ್ಣದ ಗಂಟನ್ನು ಚುಚ್ಚಿದರೆ ನಿಲ್ಲದ ರಕ್ತಸ್ರಾವವಾಗಬಹುದು. ಎಚ್‌ಸಿಜಿಯ ಏರಿಳಿತವೇ ಇಲ್ಲಿ ಸಾಕ್ಷಿ. ಮೋಲಾರ್ ಗರ್ಭವನ್ನು ಸ್ಕ್ಯಾನಿಂಗ್ ನೆರವಿನಿಂದ ಹೀರಿ ತೆಗೆದ ಮೇಲೆ ವಾರಕ್ಕೊಮ್ಮೆ ಎಚ್‌ಸಿಜಿ ಅಳೆಯುತ್ತಾರೆ. ಅಂತರರಾಷ್ಟ್ರೀಯ ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಒಕ್ಕೂಟ ಫಿಗೊ ಒಪ್ಪಿದ ಮಾನದಂಡದಂತೆ, ಮೂರು ವಾರಗಳ ಅವಧಿಯ ನಾಲ್ಕು ಅಳತೆಗಳಲ್ಲಿ ಅಂಕಿ ಇಳಿಯದೆ ಒಂದೇ ಮಟ್ಟದಲ್ಲಿ ನಿಂತರೆ, ಇಲ್ಲವೇ ಎರಡು ವಾರಗಳ ಮೂರು ಅಳತೆಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಏರಿದರೆ ಚಿಕಿತ್ಸೆ ಶುರು.

ಅಂಕಿಯನ್ನು ಕುರುಡಾಗಿ ನಂಬುವಂತೆಯೂ ಇಲ್ಲ. ಕೆಲವರ ರಕ್ತದಲ್ಲಿರುವ ಪ್ರತಿಕಾಯಗಳು ಪರೀಕ್ಷೆಯ ರಾಸಾಯನಿಕಕ್ಕೆ ಅಂಟಿಕೊಂಡು ಇಲ್ಲದ ಎಚ್‌ಸಿಜಿಯನ್ನು ತೋರಿಸುತ್ತವೆ. ಈ ಭ್ರಮೆಯ ಅಂಕಿಯನ್ನು ನಂಬಿ ರೋಗವಿಲ್ಲದ ಹೆಂಗಸರಿಗೆ ಕಿಮೊಥೆರಪಿ ಕೊಟ್ಟ, ಗರ್ಭಕೋಶವನ್ನೂ ತೆಗೆದ ಪ್ರಕರಣಗಳು ಅಮೆರಿಕದಲ್ಲಿ 2000ದ ಆಸುಪಾಸಿನಲ್ಲಿ ಬೆಳಕಿಗೆ ಬಂದವು. ಇಂಥ ಪ್ರತಿಕಾಯಗಳು ಮೂತ್ರಕ್ಕೆ ಇಳಿಯುವುದಿಲ್ಲ. ಆದ್ದರಿಂದ ಅನುಮಾನ ಬಂದಾಗ ಮೂತ್ರವನ್ನೂ ಪರೀಕ್ಷಿಸುವುದು, ಬೇರೊಂದು ಕಂಪನಿಯ ಕಿಟ್‌ನಲ್ಲಿ ಮತ್ತೆ ಅಳೆಯುವುದು ಸುಲಭದ ಪರಿಹಾರ. ಇದಕ್ಕೆ ತದ್ವಿರುದ್ಧವಾದ ಮೋಸವೂ ಇದೆ: ಎಚ್‌ಸಿಜಿ ವಿಪರೀತ ಹೆಚ್ಚಿದ್ದಾಗ ಕೆಲವು ಪರೀಕ್ಷೆಗಳು ಮುಗ್ಗರಿಸಿ ಕಡಿಮೆ ಅಂಕಿ ಕೊಡುತ್ತವೆ.

ಬಾಣಂತಿಯಲ್ಲಿ ಆರು ವಾರ ಮೀರಿದರೂ ನಿಲ್ಲದ ರಕ್ತಸ್ರಾವ, ಕೆಮ್ಮಿದಾಗ ರಕ್ತ, ಉಸಿರಾಟದ ತೊಂದರೆ, ಇದ್ದಕ್ಕಿದ್ದಂತೆ ಬರುವ ಫಿಟ್ಸ್ ಅಥವಾ ಲಕ್ವ ರೋಗದ ಲಕ್ಷಣಗಳಾಗಿರಬಹುದು. ಹರಡುವ ಜಾಗಗಳಲ್ಲಿ ಶ್ವಾಸಕೋಶವೇ ಮೊದಲನೆಯದು. ಕ್ಷಯ ಹೆಚ್ಚಾಗಿರುವ ಭಾರತದಂಥ ದೇಶದಲ್ಲಿ ಎಳೆ ಬಾಣಂತಿಯ ಎದೆಯ ಎಕ್ಸ್‌ರೇಯಲ್ಲಿ ನೆರಳು ಕಂಡು, ಕಫದಲ್ಲಿ ರಕ್ತ ಬಂದರೆ ಟಿಬಿ ಎಂದುಕೊಳ್ಳುವುದು ಸಹಜ. ಹಾಗೆಂದುಕೊಂಡು ಕ್ಷಯದ ಮಾತ್ರೆ ನುಂಗಿಸುತ್ತ ಕಾಲ ಕಳೆದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಮುಟ್ಟು ನಿಲ್ಲದ ವಯಸ್ಸಿನ ಹೆಂಗಸಿನಲ್ಲಿ ಮೂಲ ತಿಳಿಯದ ಗಡ್ಡೆ ಎಲ್ಲಿ ಕಂಡರೂ ಮೊದಲು ಮಾಡಬೇಕಾದದ್ದು ಬಸಿರಿನ ಪರೀಕ್ಷೆ. ಔಷಧಿ ಅಂಗಡಿಯಲ್ಲಿ ಸಿಗುವ ಪಟ್ಟಿಯೂ ಸುಳಿವು ಕೊಡಬಲ್ಲದು.

ಅಪಾಯದ ಅಂಕಗಳು

ಯಾರಿಗೆ ಒಂದೇ ಔಷಧ ಸಾಕು, ಯಾರಿಗೆ ಹಲವು ಬೇಕು ಎಂಬುದನ್ನು ತೀರ್ಮಾನಿಸುವುದು ಬ್ಯಾಗ್‌ಷಾ 1976ರಲ್ಲಿ ಮಂಡಿಸಿದ, ಮುಂದೆ ಫಿಗೊ ಪರಿಷ್ಕರಿಸಿ 2000ದಲ್ಲಿ ಒಪ್ಪಿಕೊಂಡ ಅಂಕಪಟ್ಟಿ. ರೋಗಿಯ ವಯಸ್ಸು, ಹಿಂದಿನ ಬಸಿರು ಯಾವ ಬಗೆಯದು, ಅದಾಗಿ ಎಷ್ಟು ತಿಂಗಳಾಯಿತು, ಎಚ್‌ಸಿಜಿ ಎಷ್ಟು, ಅತಿ ದೊಡ್ಡ ಗಡ್ಡೆಯ ಗಾತ್ರ, ಹರಡಿದ ಜಾಗ, ಗಡ್ಡೆಗಳ ಸಂಖ್ಯೆ, ಈ ಮೊದಲು ಸೋತ ಔಷಧಗಳು ಹೀಗೆ ಎಂಟು ಸಂಗತಿಗಳಿಗೆ ಅಂಕ ಕೊಡುತ್ತಾರೆ. ಮೋಲಾರ್ ಗರ್ಭದ ಹಿನ್ನೆಲೆಗೆ ಸೊನ್ನೆ, ತುಂಬುದಿನದ ಹೆರಿಗೆಗೆ 2. ಶ್ವಾಸಕೋಶಕ್ಕೆ ಹರಡಿದ್ದರೆ ಸೊನ್ನೆ, ಮೆದುಳು ಅಥವಾ ಯಕೃತ್ತಿಗೆ ಹರಡಿದ್ದರೆ 4. ಒಟ್ಟು 6ರವರೆಗೆ ಬಂದರೆ ಕಡಿಮೆ ಅಪಾಯ, 7 ಅಥವಾ ಹೆಚ್ಚಾದರೆ ಹೆಚ್ಚಿನ ಅಪಾಯ. ಶ್ವಾಸಕೋಶಕ್ಕೆ ಹರಡಿದ ಕ್ಯಾನ್ಸರ್ ಎಂದರೆ ಬೇರೆಡೆ ಎದೆಗುಂದುವ ಮಾತು; ಈ ಪಟ್ಟಿಯಲ್ಲಿ ಅದಕ್ಕೆ ಅಂಕವೇ ಇಲ್ಲ. ಗರ್ಭಕೋಶ, ಜನನಾಂಗಗಳ ಆಸುಪಾಸು, ಶ್ವಾಸಕೋಶ, ದೂರದ ಅಂಗಗಳು ಎಂಬ ನಾಲ್ಕು ಹಂತಗಳ ವರ್ಗೀಕರಣವನ್ನೂ ಇದರ ಜೊತೆಗೆ ಬರೆಯುತ್ತಾರೆ. ಆದರೆ ಔಷಧದ ಆಯ್ಕೆಯಲ್ಲಿ ಅಂಕಪಟ್ಟಿಯದೇ ಮೇಲುಗೈ.

ಕಡಿಮೆ ಅಪಾಯದವರ ಚಿಕಿತ್ಸೆ

ಈ ಗುಂಪಿಗೆ ಒಂದೇ ಔಷಧ, ಮೆಥೊಟ್ರೆಕ್ಸೇಟ್ ಅಥವಾ ಡ್ಯಾಕ್ಟಿನೊಮೈಸಿನ್. ಬಹಳ ಕಡೆ ರೂಢಿಯಲ್ಲಿರುವುದು ಎಂಟು ದಿನಗಳ ಕ್ರಮ: ಒಂದು, ಮೂರು, ಐದು, ಏಳನೆಯ ದಿನ 50 ಮಿಲಿಗ್ರಾಂ ಮೆಥೊಟ್ರೆಕ್ಸೇಟ್ ಸ್ನಾಯುವಿಗೆ ಚುಚ್ಚುಮದ್ದು, ಅದರ ಮರುದಿನಗಳಲ್ಲಿ ಫೋಲಿನಿಕ್ ಆಮ್ಲದ ಮಾತ್ರೆ. ಮೆಥೊಟ್ರೆಕ್ಸೇಟ್ ಅಡ್ಡಗಟ್ಟಿದ ಜಾಗವನ್ನು ಬಳಸಿಕೊಂಡು ಹೋಗುವ ಫೋಲಿನಿಕ್ ಆಮ್ಲ ಬಾಯಿ, ಕರುಳು, ಮಜ್ಜೆಯ ಆರೋಗ್ಯವಂತ ಜೀವಕೋಶಗಳನ್ನು ಕಾಪಾಡುತ್ತದೆ. ಎರಡು ವಾರಕ್ಕೊಮ್ಮೆ ಈ ಸುತ್ತು ಮರಳುತ್ತದೆ. ತಲೆಗೂದಲು ಸಾಮಾನ್ಯವಾಗಿ ಉದುರುವುದಿಲ್ಲ. ಬಾಯಿಹುಣ್ಣು, ಕಣ್ಣುರಿ, ಎದೆಯ ಪಕ್ಕೆನೋವು ಕಾಣಿಸಿಕೊಳ್ಳಬಹುದು. ಎದೆಗೂಡಲ್ಲೋ ಹೊಟ್ಟೆಯಲ್ಲೋ ನೀರು ತುಂಬಿಕೊಂಡಿದ್ದರೆ ಔಷಧ ಅಲ್ಲಿ ಶೇಖರವಾಗಿ ನಿಧಾನಕ್ಕೆ ಸೋರುತ್ತ ವಿಷವಾಗುತ್ತದೆ, ಅಂಥವರಿಗೆ ಮೆಥೊಟ್ರೆಕ್ಸೇಟ್ ಸಲ್ಲದು. ನಮ್ಮ ಕಡೆ ಬಾಣಂತಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಫೋಲಿಕ್ ಆಮ್ಲವೂ ಸೇರಿರುವುದರಿಂದ, ಚಿಕಿತ್ಸೆ ನಡೆಯುವಾಗ ವೈದ್ಯರನ್ನು ಕೇಳದೆ ಅದನ್ನು ನುಂಗುವಂತಿಲ್ಲ. ಔಷಧದ ಬಲವನ್ನೇ ಅದು ಕುಂದಿಸಬಲ್ಲದು.

ಡ್ಯಾಕ್ಟಿನೊಮೈಸಿನ್ ಮಣ್ಣಿನ ಬ್ಯಾಕ್ಟೀರಿಯದಿಂದ ಬಂದದ್ದು. ಸೆಲ್ಮನ್ ವಾಕ್ಸ್‌ಮನ್ ಪ್ರಯೋಗಾಲಯದಲ್ಲಿ 1940ರಲ್ಲಿ ಬೇರ್ಪಡಿಸಿದ ಆಕ್ಟಿನೊಮೈಸಿನ್ ಗುಂಪಿಗೆ ಸೇರಿದೆ. ಎರಡು ವಾರಕ್ಕೊಮ್ಮೆ ರಕ್ತನಾಳಕ್ಕೆ ಕೊಟ್ಟರೆ ಸಾಕು. ಸೂಜಿ ಜಾರಿ ಔಷಧ ಹೊರಗೆ ಸೋರಿದರೆ ಮಾತ್ರ ಚರ್ಮ ಕೊಳೆಯುವಷ್ಟು ಸುಡುತ್ತದೆ. ಅಮೆರಿಕದ ಸ್ತ್ರೀರೋಗ ಕ್ಯಾನ್ಸರ್ ಗುಂಪು ನಡೆಸಿ 2011ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ಡ್ಯಾಕ್ಟಿನೊಮೈಸಿನ್‌ನಿಂದ ಶೇ. 70ರಷ್ಟು, ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್‌ನಿಂದ ಶೇ. 53ರಷ್ಟು ಮಂದಿಗೆ ಪೂರ್ಣ ಫಲ ಸಿಕ್ಕಿತು. ಈ ಹೋಲಿಕೆ ಎಂಟು ದಿನಗಳ ಕ್ರಮದ ಜೊತೆ ಮಾಡಿದ್ದಲ್ಲ ಎಂಬುದನ್ನು ಮರೆತು ಡ್ಯಾಕ್ಟಿನೊಮೈಸಿನ್ನೇ ಮೇಲೆಂದು ಸಾರುವುದು ಸರಿಯಲ್ಲ. ಒಂದು ಸೋತರೆ ಇನ್ನೊಂದು, ಎರಡೂ ಸೋತರೆ ಹಲವು ಔಷಧಗಳ ಸಂಯೋಜನೆ ಕೈಗೆ ಸಿಗುತ್ತದೆ. ಹೀಗಾಗಿ ಕಡಿಮೆ ಅಪಾಯದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬದುಕುತ್ತಾರೆ. ಅಂಕ 5 ಅಥವಾ 6 ಇದ್ದವರಲ್ಲಿ ಒಂದೇ ಔಷಧ ಫಲ ಕೊಡುವುದು ಸುಮಾರು ಮೂರರಲ್ಲಿ ಒಬ್ಬರಿಗೆ. ಆದರೂ ಮೊದಲು ಸೌಮ್ಯ ಔಷಧವನ್ನೇ ಕೊಟ್ಟು ನೋಡುವ ಪದ್ಧತಿ ಹಲವು ಕೇಂದ್ರಗಳಲ್ಲಿದೆ.

ಎಚ್‌ಸಿಜಿ ಸಹಜ ಮಟ್ಟಕ್ಕೆ ಇಳಿದ ಮೇಲೂ ಸುಮಾರು ಆರು ವಾರ, ಎಂದರೆ ಎರಡು ಮೂರು ಸುತ್ತು, ಔಷಧ ಮುಂದುವರಿಯುತ್ತದೆ. ಅಳತೆಗೆ ಸಿಗದಷ್ಟು ಕಡಿಮೆ ಹಾರ್ಮೋನ್ ಇದ್ದಾಗಲೂ ಒಂದು ಲಕ್ಷದವರೆಗೆ ಕ್ಯಾನ್ಸರ್ ಜೀವಕೋಶಗಳು ಮೈಯಲ್ಲಿ ಉಳಿದಿರಬಹುದೆಂಬ ಲೆಕ್ಕಾಚಾರ ಇದರ ಹಿಂದಿದೆ. ಚೆನ್ನಾಗಿದ್ದೇನೆ, ಅಂಕಿಯೂ ಸರಿಯಾಗಿದೆ ಎಂದು ಈ ಹಂತದಲ್ಲಿ ಬಿಟ್ಟುಹೋಗುವವರಿಗೆ ಮರುಕಳಿಕೆಯ ಅಪಾಯ ಹೆಚ್ಚು.

ಹೆಚ್ಚಿನ ಅಪಾಯದವರ ಚಿಕಿತ್ಸೆ

ಇಲ್ಲಿ ಜಗತ್ತಿನ ಬಹುಭಾಗದಲ್ಲಿ ಬಳಕೆಯಲ್ಲಿರುವುದು ಚೇರಿಂಗ್ ಕ್ರಾಸ್‌ನಲ್ಲಿ 1970ರ ದಶಕದ ಕೊನೆಗೆ ರೂಪುಗೊಂಡ ಇಎಂಎ-ಸಿಒ ಕ್ರಮ. ಮೊದಲ ಎರಡು ದಿನ ಎಟೊಪೊಸೈಡ್, ಮೆಥೊಟ್ರೆಕ್ಸೇಟ್ ಮತ್ತು ಡ್ಯಾಕ್ಟಿನೊಮೈಸಿನ್. ಎಂಟನೆಯ ದಿನ ಸೈಕ್ಲೊಫಾಸ್ಫಮೈಡ್ ಮತ್ತು ವಿನ್‌ಕ್ರಿಸ್ಟಿನ್. ಎರಡು ವಾರಕ್ಕೆ ಮತ್ತೆ ಮೊದಲಿನಿಂದ. ಗಡ್ಡೆಗೆ ಚೇತರಿಸಿಕೊಳ್ಳಲು ಬಿಡುವು ಕೊಡಬಾರದೆಂಬುದೇ ವಾರ ವಾರವೂ ಔಷಧ ಬದಲಿಸುವುದರ ಉದ್ದೇಶ. ಇವುಗಳಲ್ಲಿ ವಿನ್‌ಕ್ರಿಸ್ಟಿನ್ ನಮ್ಮ ಮನೆಯಂಗಳದ ಕಾಶಿಕಣಗಿಲೆಯಿಂದ, ಎಟೊಪೊಸೈಡ್ ಹಿಮಾಲಯದಲ್ಲೂ ಬೆಳೆಯುವ ಪೊಡೊಫಿಲಮ್ ಜಾತಿಯ ಗಿಡಗಳ ಬೇರಿನ ಸತ್ವದಿಂದ ಬಂದವು. ಕೂದಲು ಪೂರ್ತಿ ಉದುರುತ್ತದೆ, ಬಿಳಿರಕ್ತಕಣಗಳು ಕುಸಿಯುತ್ತವೆ. ಕಣ ಕಡಿಮೆಯಾಯಿತೆಂದು ಸುತ್ತನ್ನು ಮುಂದೂಡುತ್ತ ಹೋದರೆ ಗಡ್ಡೆ ಔಷಧಕ್ಕೆ ಒಗ್ಗಿಹೋಗುವ ಭಯವಿದೆ. ಆದ್ದರಿಂದ ಕಣಗಳನ್ನು ಹೆಚ್ಚಿಸುವ ಚುಚ್ಚುಮದ್ದು ಕೊಟ್ಟಾದರೂ ವೇಳಾಪಟ್ಟಿಯನ್ನು ಉಳಿಸಿಕೊಳ್ಳುತ್ತಾರೆ. ಎಚ್‌ಸಿಜಿ ಇಳಿದ ಬಳಿಕ ಆರು ವಾರ, ಮೆದುಳು ಅಥವಾ ಯಕೃತ್ತಿಗೆ ಹರಡಿದ್ದವರಿಗೆ ಎಂಟು ವಾರ ಹೆಚ್ಚುವರಿ ಚಿಕಿತ್ಸೆ.

ಅಂಕ 13 ಅಥವಾ ಅದಕ್ಕಿಂತ ಹೆಚ್ಚಿರುವ ಅತಿ ಅಪಾಯದ ರೋಗಿಗಳಲ್ಲಿ ಚಿಕಿತ್ಸೆಯೇ ಮೊದಲ ವಾರಗಳಲ್ಲಿ ಕೊಲ್ಲುವುದುಂಟು. ಮೈತುಂಬ ಇರುವ ಗಡ್ಡೆಗಳು ಒಮ್ಮೆಲೇ ಕುಸಿದಾಗ ಶ್ವಾಸಕೋಶ, ಮೆದುಳು, ಯಕೃತ್ತುಗಳಲ್ಲಿ ರಕ್ತಸ್ರಾವವಾಗುತ್ತದೆ. ಇದನ್ನು ತಡೆಯಲು ಲಂಡನ್ನಿನ ತಂಡ ಎಟೊಪೊಸೈಡ್ ಮತ್ತು ಸಿಸ್‌ಪ್ಲಾಟಿನ್‌ನ ಸಣ್ಣ ಪ್ರಮಾಣವನ್ನು ವಾರಕ್ಕೊಮ್ಮೆ ಒಂದೆರಡು ಬಾರಿ ಕೊಟ್ಟು, ಆಮೇಲೆ ಪೂರ್ಣ ಕ್ರಮಕ್ಕೆ ಹೋಗುವ ದಾರಿ ಹಿಡಿಯಿತು. 2013ರಲ್ಲಿ ಪ್ರಕಟವಾದ ಅವರ ವರದಿಯಂತೆ ಆರಂಭದ ಸಾವುಗಳು ಶೇ. 7.2ರಿಂದ ಶೇ. 0.7ಕ್ಕೆ ಇಳಿದವು. ದೊಡ್ಡ ಹೊಸ ಔಷಧವೇನೂ ಇಲ್ಲದೆ, ಇದ್ದದ್ದನ್ನೇ ಮೊದಲು ಕಡಿಮೆ ಕೊಟ್ಟು ಇಷ್ಟು ಜೀವ ಉಳಿಸಿದ್ದು ಈ ಕ್ಷೇತ್ರದ ಒಳ್ಳೆಯ ಸಾಧನೆಗಳಲ್ಲೊಂದು.

ಮೆದುಳಿಗೆ ಹರಡಿದಾಗ ಮೆಥೊಟ್ರೆಕ್ಸೇಟ್ ಪ್ರಮಾಣವನ್ನು ಹೆಚ್ಚಿಸುತ್ತಾರೆ, ಕೆಲವು ಕೇಂದ್ರಗಳಲ್ಲಿ ಬೆನ್ನುಹುರಿಯ ದ್ರವಕ್ಕೂ ಔಷಧ ಕೊಡುತ್ತಾರೆ. ತಲೆಬುರುಡೆಯೊಳಗಿನ ರಕ್ತಸ್ರಾವಕ್ಕೆ ತುರ್ತು ಶಸ್ತ್ರಕ್ರಿಯೆ ಬೇಕಾಗಬಹುದು. ಮೊದಲ ಸಂಯೋಜನೆಗೆ ಬಗ್ಗದ ರೋಗಕ್ಕೆ ಸಿಸ್‌ಪ್ಲಾಟಿನ್ ಸೇರಿದ ಇಪಿ-ಇಎಂಎ, ಪ್ಯಾಕ್ಲಿಟ್ಯಾಕ್ಸೆಲ್ ಇರುವ ಕ್ರಮಗಳಿವೆ.

ಇತ್ತೀಚಿನ ಭರವಸೆ ಇಮ್ಯುನೊಥೆರಪಿ. ಮಾಸಿನ ಜೀವಕೋಶಗಳು ಪಿಡಿ-ಎಲ್1 ಎಂಬ ಪ್ರೋಟೀನನ್ನು ಮುಂದೊಡ್ಡಿ ತಾಯಿಯ ರೋಗನಿರೋಧಕ ಕಣಗಳನ್ನು ಸುಮ್ಮನಾಗಿಸುತ್ತವೆ. ಅದೇ ತಂತ್ರವನ್ನು ಗಡ್ಡೆಯೂ ಬಳಸುತ್ತದೆ. ಅದನ್ನು ತಡೆದರೆ, ತಂದೆಯ ವರ್ಣತಂತು ಹೊತ್ತ ಪರಕೀಯ ಅಂಗಾಂಶವನ್ನು ತಾಯಿಯ ಮೈಯೇ ನಾಶಮಾಡಬಲ್ಲದು. ಪೆಂಬ್ರೊಲಿಜುಮ್ಯಾಬ್ ಪಡೆದ ನಾಲ್ವರಲ್ಲಿ ಮೂವರಿಗೆ ಫಲ ಸಿಕ್ಕಿದ್ದನ್ನು 2017ರಲ್ಲಿ ಲಂಡನ್ನಿನಿಂದ ವರದಿ ಮಾಡಿದರು. ಫ್ರಾನ್ಸಿನಲ್ಲಿ ಒಂದೇ ಔಷಧಕ್ಕೆ ಬಗ್ಗದ 15 ಮಂದಿಗೆ ಅವೆಲುಮ್ಯಾಬ್ ಕೊಟ್ಟಾಗ 8 ಮಂದಿಯ ಎಚ್‌ಸಿಜಿ ಸಹಜಕ್ಕೆ ಬಂತು. ಈ ಔಷಧಗಳ ಬೆಲೆ ಮಾತ್ರ ಮೆಥೊಟ್ರೆಕ್ಸೇಟ್‌ನ ಹತ್ತಿರಕ್ಕೂ ಬರುವಂಥದ್ದಲ್ಲ.

ಶಸ್ತ್ರಕ್ರಿಯೆಯ ಪಾತ್ರ

ಔಷಧವೇ ಮುಖ್ಯವಾದರೂ ಶಸ್ತ್ರಕ್ರಿಯೆ ಮೂಲೆಗೆ ಸರಿದಿಲ್ಲ. ಮಕ್ಕಳು ಸಾಕೆನ್ನುವವರಲ್ಲಿ, ರೋಗ ಗರ್ಭಕೋಶದೊಳಗೇ ಇದ್ದರೆ, ಅದನ್ನು ತೆಗೆಯುವುದರಿಂದ ಬೇಕಾಗುವ ಔಷಧ ಕಡಿಮೆಯಾಗುತ್ತದೆ. ಹಾಗೆಂದು ಎಚ್‌ಸಿಜಿ ಪರೀಕ್ಷೆ ತಪ್ಪುವುದಿಲ್ಲ. ಎರಡನೆಯ ಬಾರಿ ಗರ್ಭಕೋಶವನ್ನು ಕೆರೆದು ಶುಚಿಮಾಡಿದರೆ ಆಯ್ದ ಕಡಿಮೆ ಅಪಾಯದ ರೋಗಿಗಳಲ್ಲಿ ಸುಮಾರು ಶೇ. 40 ಮಂದಿ ಕಿಮೊಥೆರಪಿಯಿಲ್ಲದೆ ವಾಸಿಯಾಗುತ್ತಾರೆಂದು 2016ರ ಅಧ್ಯಯನವೊಂದು ತೋರಿಸಿದೆ. ಔಷಧಕ್ಕೆ ಬಗ್ಗದ ಒಂಟಿ ಗಡ್ಡೆ ಶ್ವಾಸಕೋಶದಲ್ಲಿ ಉಳಿದಿದ್ದರೆ ಅದನ್ನು ಕತ್ತರಿಸಿ ತೆಗೆಯುತ್ತಾರೆ. ರಕ್ತಸ್ರಾವವನ್ನು ನಿಲ್ಲಿಸಲು ರಕ್ತನಾಳದೊಳಗೆ ತಡೆ ತುಂಬುವ ಎಂಬೊಲೈಸೇಶನ್ ಇಂದು ಎಷ್ಟೋ ಗರ್ಭಕೋಶಗಳನ್ನು ಉಳಿಸುತ್ತಿದೆ. ಎಚ್‌ಸಿಜಿಯ ಪ್ರಭಾವದಿಂದ ಅಂಡಾಶಯಗಳಲ್ಲಿ ದೊಡ್ಡ ನೀರುಚೀಲಗಳು ಬೆಳೆಯುತ್ತವೆ; ಅಂಕಿ ಇಳಿದಂತೆ ತಾವಾಗಿ ಕುಗ್ಗುವ ಇವನ್ನು ಕಂಡು ಗಾಬರಿಯಿಂದ ಅಂಡಾಶಯವನ್ನೇ ತೆಗೆಯಬಾರದು.

ಶಸ್ತ್ರಕ್ರಿಯೆಯೇ ಮುಖ್ಯವಾಗುವ ಎರಡು ಸೋದರ ಗಡ್ಡೆಗಳಿವೆ. ಮಾಸು ಅಂಟಿದ ಜಾಗದ ಜೀವಕೋಶಗಳಿಂದ ಹುಟ್ಟುವ ಗಡ್ಡೆಯನ್ನು 1981ರಲ್ಲಿ ಸ್ಕಲ್ಲಿ ಮತ್ತು ಯಂಗ್ ಹೆಸರಿಸಿದರು. ಎಪಿಥೀಲಿಯಾಯ್ಡ್ ಬಗೆಯನ್ನು 1998ರಲ್ಲಿ ಶಿಹ್ ಮತ್ತು ಕರ್ಮನ್ ವಿವರಿಸಿದರು. ಇವು ನಿಧಾನವಾಗಿ ಬೆಳೆಯುತ್ತವೆ, ಎಚ್‌ಸಿಜಿ ಕಡಿಮೆ ಸ್ರವಿಸುತ್ತವೆ, ಕಿಮೊಥೆರಪಿಗೆ ಅಷ್ಟಾಗಿ ಬಗ್ಗುವುದಿಲ್ಲ. ಅಂಕಪಟ್ಟಿ ಇವಕ್ಕೆ ಅನ್ವಯಿಸದು. ಗರ್ಭಕೋಶದಲ್ಲೇ ಇರುವಾಗ ಅದನ್ನು ತೆಗೆಯುವುದು ಸರಿಯಾದ ಚಿಕಿತ್ಸೆ. ಹಿಂದಿನ ಬಸಿರಾಗಿ 48 ತಿಂಗಳು ಮೀರಿದ್ದರೆ ರೋಗದ ಭವಿಷ್ಯ ಕೆಟ್ಟದ್ದು.

ಚಿಕಿತ್ಸೆಯ ನಂತರ

ಔಷಧ ಮುಗಿದ ಮೇಲೆ ಎಚ್‌ಸಿಜಿಯನ್ನು ಮೊದಲು ಪದೇ ಪದೇ, ಆಮೇಲೆ ತಿಂಗಳಿಗೊಮ್ಮೆ ಅಳೆಯುತ್ತಾರೆ. ಒಂದು ವರ್ಷ ಬಸಿರಾಗಬಾರದು. ಹೊಸ ಬಸಿರಿನ ಎಚ್‌ಸಿಜಿಯನ್ನು ಮರುಕಳಿಸಿದ ರೋಗದ ಎಚ್‌ಸಿಜಿಯಿಂದ ಬೇರ್ಪಡಿಸಲಾಗದು ಎಂಬುದು ಮುಖ್ಯ ಕಾರಣ. ಗರ್ಭನಿರೋಧಕ ಮಾತ್ರೆಗಳಿಗೆ ಅಡ್ಡಿಯಿಲ್ಲ. ಕಾಪರ್‌-ಟಿಯನ್ನು ಅಂಕಿ ಸಹಜಕ್ಕೆ ಬಂದ ಮೇಲೆಯೇ ಹಾಕಬೇಕು. ಮುಂದೆ ಆಗುವ ಬಸಿರುಗಳು ಬಹುತೇಕ ಸಹಜವಾಗಿಯೇ ಸಾಗುತ್ತವೆ. ಮತ್ತೆ ಮೋಲಾರ್ ಗರ್ಭವಾಗುವ ಸಂಭವ ನೂರರಲ್ಲಿ ಒಂದೆರಡು. ಪ್ರತಿ ಬಸಿರೂ ಮೋಲಾರ್ ಆಗುವ ವಿರಳ ಕುಟುಂಬಗಳಲ್ಲಿ ಎನ್‌ಎಲ್‌ಆರ್‌ಪಿ7 ಎಂಬ ಜೀನಿನ ದೋಷವಿರುವುದು 2006ರಲ್ಲಿ ತಿಳಿಯಿತು. ಅಂಥವರಿಗೆ ದಾನಿಯ ಅಂಡಾಣುವಿನಿಂದ ಮಗು ಪಡೆಯುವ ದಾರಿಯಿದೆ. ಹಲವು ಔಷಧ ಪಡೆದವರಲ್ಲಿ ಮುಟ್ಟು ಕೆಲವು ವರ್ಷ ಮುಂಚೆ ನಿಲ್ಲಬಹುದು. ಎಟೊಪೊಸೈಡ್‌ನಿಂದ ಮುಂದೆ ರಕ್ತಕ್ಯಾನ್ಸರ್ ಬರುವ ಸಣ್ಣ ಅಪಾಯವೂ ಇದೆ. ಬಾಣಂತಿಯಲ್ಲಿ ಕೋರಿಯೊಕಾರ್ಸಿನೋಮ ಕಂಡಾಗ ಮಗುವಿನ ಎಚ್‌ಸಿಜಿಯನ್ನೂ ನೋಡಬೇಕು, ಬಲು ವಿರಳವಾಗಿ ರೋಗ ಕೂಸಿಗೂ ಹರಡಿರುತ್ತದೆ.

ಆರೈಕೆಯ ವ್ಯವಸ್ಥೆ

ಅಪರೂಪದ ರೋಗವನ್ನು ಅಲ್ಲಲ್ಲಿ ಒಬ್ಬಿಬ್ಬರಂತೆ ನೋಡಿದರೆ ಯಾವ ವೈದ್ಯರಿಗೂ ಪಳಗಿದ ಕೈ ಬರುವುದಿಲ್ಲ. ಬ್ರಿಟನ್ 1973ರಿಂದ ದೇಶದ ಮೋಲಾರ್ ಗರ್ಭಗಳನ್ನೆಲ್ಲ ನೋಂದಾಯಿಸುತ್ತಿದೆ. ರೋಗಿಗಳು ಮನೆಯಿಂದ ಮಾದರಿ ಕಳಿಸುತ್ತಾರೆ, ಗೊತ್ತುಪಡಿಸಿದ ಪ್ರಯೋಗಾಲಯ ಅಳೆಯುತ್ತದೆ, ಕಿಮೊಥೆರಪಿಯ ಹೊಣೆ ಲಂಡನ್ ಮತ್ತು ಶೆಫೀಲ್ಡ್ ಕೇಂದ್ರಗಳದು. ಅಲ್ಲಿನ ಒಳ್ಳೆಯ ಫಲಿತಾಂಶದಲ್ಲಿ ಔಷಧದಷ್ಟೇ ಪಾಲು ಈ ಏರ್ಪಾಡಿಗೂ ಇದೆ.

ಭಾರತದಲ್ಲಿ ಅಂಥ ರಾಷ್ಟ್ರವ್ಯಾಪಿ ನೋಂದಣಿ ಬೇರೂರಿಲ್ಲ. ಬೆಂಗಳೂರಿನ ಕಿದ್ವಾಯಿ, ಮುಂಬೈಯ ಟಾಟಾ ಮೆಮೋರಿಯಲ್, ದೆಹಲಿಯ ಏಮ್ಸ್‌ನಂಥ ದೊಡ್ಡ ಸಂಸ್ಥೆಗಳಲ್ಲಿ ಎಲ್ಲ ಬಗೆಯ ಚಿಕಿತ್ಸೆ ಸಿಗುತ್ತದೆ. ತೊಡಕಿರುವುದು ಅಲ್ಲಿಗೆ ತಲುಪುವ ಮೊದಲು ಮತ್ತು ಅಲ್ಲಿಂದ ಮನೆಗೆ ಮರಳಿದ ಮೇಲೆ. ಮೋಲಾರ್ ಗರ್ಭವನ್ನು ತೆಗೆಸಿಕೊಂಡು ಊರಿಗೆ ಹೋದವರು ವಾರ ವಾರದ ಪರೀಕ್ಷೆಗೆ ಬರುವುದಿಲ್ಲ. ಬೀದರ್ ಅಥವಾ ರಾಯಚೂರಿನ ಕೂಲಿ ಹೆಂಗಸಿಗೆ ಬೆಂಗಳೂರಿನ ದಾರಿ ದೂರದ್ದು, ದಿನಗೂಲಿಯೂ ಹೋಗುತ್ತದೆ. ಅಬಾರ್ಷನ್ ಆದಾಗ ತೆಗೆದ ಅಂಗಾಂಶವನ್ನು ಪರೀಕ್ಷೆಗೆ ಕಳಿಸದೆ ಎಸೆಯುವುದೂ ಉಂಟು. ಆದರೆ ಈ ಚಿಕಿತ್ಸೆಯ ಸ್ವರೂಪವೇ ದೂರದೂರಿಗೆ ಒಗ್ಗುವಂಥದ್ದು. ಮೆಥೊಟ್ರೆಕ್ಸೇಟ್ ಅಗ್ಗದ ಔಷಧ. ಕೇಂದ್ರದ ಸೂಚನೆಯಂತೆ, ರಕ್ತಕಣ ಮತ್ತು ಮೂತ್ರಪಿಂಡದ ವರದಿ ನೋಡಿಕೊಂಡು, ಜಿಲ್ಲಾ ಆಸ್ಪತ್ರೆಯಲ್ಲೂ ಕೊಡಬಹುದಾದ ಚುಚ್ಚುಮದ್ದು. ಎಚ್‌ಸಿಜಿಯನ್ನು ಪ್ರತಿ ಬಾರಿ ಒಂದೇ ಪ್ರಯೋಗಾಲಯದಲ್ಲಿ, ಒಂದೇ ಬಗೆಯ ಕಿಟ್‌ನಿಂದ ಅಳೆಯಿಸಿದರೆ ಅಂಕಿಗಳು ಹೋಲಿಕೆಗೆ ಸಿಗುತ್ತವೆ. ಈ ರೋಗಕ್ಕೆ ಬೇಕಾದ ಮೆಥೊಟ್ರೆಕ್ಸೇಟ್, ಡ್ಯಾಕ್ಟಿನೊಮೈಸಿನ್, ಎಟೊಪೊಸೈಡ್ ಮುಂತಾದವನ್ನು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಅಗತ್ಯ ಔಷಧಗಳ ಪಟ್ಟಿಯಲ್ಲಿ ಈ ರೋಗದ ಹೆಸರಿನಡಿಯಲ್ಲೇ ಸೇರಿಸಿದೆ.